ಎರಡು ಲಕ್ಷ ರೂಪಾಯಿ ಇದೆ, ನಮ್ಮೂರಿನ ಶುಗರ್‌ಗೆ ಏನು ಮಾಡಬಹುದು?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಲ್ಲಿ ಸುಮಾರು 2000 ಜನ ಇದ್ದೇವೆ. ಮನೆಗೊಬ್ಬರಿಗೆ ಶುಗರ್ ಅನ್ನುವ ಹಾಗಾಗಿದೆ. ವರ್ಷಕ್ಕೆ ಒಂದೆರಡು ಸಲ ಯಾರಾದರೂ ಬಂದು ಕ್ಯಾಂಪ್ ಮಾಡುತ್ತಾರೆ, ಬೆರಳು ಚುಚ್ಚಿ ನೋಡಿ ಚೀಟಿ ಕೊಟ್ಟು ಹೋಗುತ್ತಾರೆ. ಎರಡು ವರ್ಷದಲ್ಲಿ ಇಬ್ಬರಿಗೆ ಕಾಲು ತೆಗೆದಿದ್ದಾರೆ. ಬೆಂಗಳೂರಿನಲ್ಲಿರುವ ನಮ್ಮೂರಿನವರೊಬ್ಬರು ಎರಡು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಮೂರು ತಿಂಗಳ ಶುಗರ್ ತೋರಿಸುವ ಮಷಿನ್ ತರೋಣ ಅಂತ ಕೆಲವರು, ದೊಡ್ಡ ಕ್ಯಾಂಪ್ ಮಾಡಿಸೋಣ ಅಂತ ಕೆಲವರು ಹೇಳುತ್ತಾರೆ. ನೀವೇನು ಹೇಳುತ್ತೀರಿ? ಕಾಯಿಲೆ ಬಾರದ ಹಾಗೆ ತಡೆಯೋದಕ್ಕೂ ಏನಾದರೂ ದಾರಿ ಇದೆಯಾ? ಇನ್ನೊಂದು ಮಾತು. ನಮ್ಮತ್ತೆಗೂ ಹತ್ತು ವರ್ಷದಿಂದ ಶುಗರ್. ಹೆಬ್ಬೆರಳ ಪಕ್ಕ ಗಾಯ ಆಗಿ ಎರಡು ವಾರ ಆಯ್ತು. ನೋವಿಲ್ಲ ಅಂತಾರೆ. ಅರಿಶಿನ ಹಚ್ಚುತ್ತಿದ್ದೇವೆ.

ಉತ್ತರ: ನೀವು ಕೊನೆಗೆ ಬರೆದದ್ದಕ್ಕೆ ನಾನು ಮೊದಲು ಉತ್ತರ ಕೊಡಬೇಕು. ಅತ್ತೆಯವರನ್ನು ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಳವಳ್ಳಿ ತಾಲ್ಲೂಕು ಆಸ್ಪತ್ರೆ ಆದರೂ ಸರಿ, ಮಂಡ್ಯದ ಮಿಮ್ಸ್ ಆದರೂ ಸರಿ. ಗಾಯದ ಸುತ್ತ ಕೆಂಪಾಗಿದ್ದರೆ, ಊದಿಕೊಂಡಿದ್ದರೆ, ವಾಸನೆ ಬರುತ್ತಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ಅಥವಾ ಜ್ವರ ಇದ್ದರೆ ನಾಳೆಯೂ ಬೇಡ, ಇವತ್ತೇ ಹೊರಡಿ. ಅರಿಶಿನ ನಿಲ್ಲಿಸಿ. ಶುದ್ಧ ನೀರಿನಲ್ಲಿ ತೊಳೆದು, ಒಗೆದ ಒಣ ಬಟ್ಟೆ ಸುತ್ತಿ, ಆ ಕಾಲಿನ ಮೇಲೆ ಭಾರ ಹಾಕದ ಹಾಗೆ ಕೂರಿಸಿಕೊಂಡು ಹೋಗಿ. ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ. ಶುಗರ್ ಬಹಳ ವರ್ಷ ಜಾಸ್ತಿ ಇದ್ದರೆ ಪಾದದ ನರಗಳು ಸೊರಗುತ್ತವೆ. ಗಾಯ ಇದ್ದರೂ ನೋವು ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದರಿಂದಲೇ ಅದರ ಮೇಲೆ ನಡೆಯುತ್ತಾರೆ, ನಡೆದು ನಡೆದು ಗಾಯ ಒಳಗೆ ಇಳಿಯುತ್ತದೆ.

ಪಾಂಡವಪುರ ಕಡೆಯ ಒಬ್ಬ ರೈತರು ನನ್ನ ಹತ್ತಿರ ಬಂದಿದ್ದು ಬಿಪಿ ತೋರಿಸಲು. ಮಂಚದ ಮೇಲೆ ಕೂರಿಸಿ "ಚಪ್ಪಲಿ ಬಿಡಿ ಅಜ್ಜ" ಅಂದೆ. ಒಂದು ಚಪ್ಪಲಿ ಬಿಟ್ಟರು. ಇನ್ನೊಂದು ಬರಲಿಲ್ಲ. ಎಳೆದು ನೋಡಿದರೆ ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಪಾದದೊಳಗೆ ಹೋಗಿತ್ತು. ಮೂರು ದಿನದ ಹಿಂದೆ ಬೇಲಿ ಹತ್ತಿರ ಹೋಗಿದ್ದೆ ಅಂದರು. ಅಂದರೆ ಮೂರು ದಿನದಿಂದ ಆ ಮುಳ್ಳಿನ ಮೇಲೇ ನಡೆದಿದ್ದರು. "ಏನೋ ಒತ್ತಿದ ಹಾಗೆ ಆಯ್ತು ಸಾ, ಚಪ್ಪಲಿ ಸವೆದದೆ ಅಂದ್ಕಂಡೆ" ಅಂದರು. ನಿಮ್ಮೂರಿನ ಆ ಇಬ್ಬರ ಕಾಲೂ ಬಹುಶಃ ಇಂಥ ಒಂದು ಸಣ್ಣ ಗಾಯದಿಂದಲೇ ಹೋಗಿರಬೇಕು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮಷಿನ್ ಬೇಡ. ದೊಡ್ಡ ಕ್ಯಾಂಪೂ ಬೇಡ.

ಯಾಕೆ ಅಂತ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ನಾನೂ ಗೆಳೆಯರೂ ಸೇರಿ ಹಳ್ಳಿ ಹಳ್ಳಿಯಲ್ಲಿ ಕ್ಯಾಂಪ್ ಮಾಡುತ್ತಿದ್ದೆವು. ಶಾಲೆ ಜಗಲಿಯಲ್ಲಿ ಮೇಜು ಹಾಕಿ, ಸಂಜೆವರೆಗೂ ಬೆರಳು ಚುಚ್ಚಿ, ಹೊಸದಾಗಿ ಶುಗರ್ ಸಿಕ್ಕವರಿಗೆ ಒಂದು ತಿಂಗಳ ಮಾತ್ರೆ ಕೊಟ್ಟು ಬರುತ್ತಿದ್ದೆವು. ದೊಡ್ಡ ಕೆಲಸ ಮಾಡಿದೆವು ಅನ್ನುವ ತೃಪ್ತಿ ಇತ್ತು. ಆರು ತಿಂಗಳು ಬಿಟ್ಟು ಅದೇ ಊರಿಗೆ ಹೋದಾಗ ಒಬ್ಬೊಬ್ಬರನ್ನೇ ಹುಡುಕಿ ಕೇಳಿದೆವು. ಮಾತ್ರೆ ಮುಂದುವರಿಸಿದವರು ಬೆರಳೆಣಿಕೆಯಷ್ಟು. "ಒಂದ್ ತಿಂಗ್ಳು ತಿಂದೆ ಸಾ, ಮುಗೀತು, ಸುಮ್ಕಾದೆ" ಅಂತ ಒಬ್ಬ ಹೆಂಗಸು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅವರ ತಪ್ಪೇನಿಲ್ಲ. ಒಂದು ತಿಂಗಳ ಮಾತ್ರೆ ಕೊಟ್ಟು, ಎರಡನೇ ತಿಂಗಳದ್ದು ಎಲ್ಲಿ ಸಿಗುತ್ತದೆ ಅಂತ ಹೇಳದೆ ಬಂದವರು ನಾವು.

ಶುಗರ್ ಇದೆ ಅಂತ ಕಂಡುಹಿಡಿಯೋದು ಐದು ನಿಮಿಷದ ಕೆಲಸ. ಕಂಡುಹಿಡಿದ ಮೇಲೆ ಆ ಮನುಷ್ಯರನ್ನು ಮೂವತ್ತು ವರ್ಷ ಕೈಬಿಡದೆ ನೋಡಿಕೊಳ್ಳೋದು ನಿಜವಾದ ಕೆಲಸ. ದುಡ್ಡು ಕಮ್ಮಿ ಇರುವ ಕಡೆ ಈ ಕಾಯಿಲೆ ಜನರನ್ನು ಸೋಲಿಸುವುದು ಎರಡನೇ ಭೇಟಿಯಲ್ಲಿ. ಮೊದಲ ಸಲ ಎಲ್ಲರೂ ಬರುತ್ತಾರೆ. ಎರಡನೇ ಸಲ ಬರುವುದಿಲ್ಲ. ನಿಮ್ಮ ಎರಡು ಲಕ್ಷವನ್ನು ಆ ಎರಡನೇ ಭೇಟಿಗೆ, ಆಮೇಲಿನ ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಇಡಿ.

ಮಷಿನ್ ವಿಷಯ ಒಂದೆರಡು ಮಾತಲ್ಲಿ ಮುಗಿಸುತ್ತೇನೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ತೋರಿಸುವ ಪರೀಕ್ಷೆ, ಒಳ್ಳೆಯದೇ. ಆದರೆ ಮಷಿನ್ ಒಂದು ಸಲದ ಖರ್ಚಲ್ಲ. ಅದಕ್ಕೆ ಹಾಕುವ ಕಿಟ್ ಪ್ರತಿ ಸಲ ಕೊಳ್ಳಬೇಕು, ಅದನ್ನು ತಂಪಾಗಿ ಇಡಬೇಕು, ಕೆಟ್ಟರೆ ರಿಪೇರಿಯವರು ಊರಿಗೆ ಬರಬೇಕು. ಅದು ಕೊನೆಗೆ ಪಂಚಾಯಿತಿ ಬೀರುವಿನ ಮೇಲೆ ಧೂಳು ಹಿಡಿಯುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಅದರಿಂದ ಆ ಪರೀಕ್ಷೆಯ ಸಂಖ್ಯೆಯೇ ಹೆಚ್ಚು ಕಮ್ಮಿ ಆಗುವುದೂ ಉಂಟು. ಬೇಕಾದವರಿಗೆ ವರ್ಷಕ್ಕೆ ಒಂದೆರಡು ಸಲ ಲ್ಯಾಬ್‌ನಲ್ಲಿ ಮಾಡಿಸಿದರೆ ಸಾಕು.

ನಿಮ್ಮೂರಿನ ಲೆಕ್ಕ ಹಾಕೋಣ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹಳ್ಳಿಗಳಲ್ಲಿ ದೊಡ್ಡವರ ಪೈಕಿ ನೂರಕ್ಕೆ 8.9 ಜನ, ಪಟ್ಟಣಗಳಲ್ಲಿ 16.4 ಜನ. 2000 ಜನರ ಊರಲ್ಲಿ ಇಪ್ಪತ್ತು ವರ್ಷ ದಾಟಿದವರು ಸುಮಾರು 1350 ಅಂತ ಇಟ್ಟುಕೊಂಡರೆ ಮಧುಮೇಹ ಇರುವವರು ಹತ್ತಿರ ಹತ್ತಿರ 120 ಜನ. ಮನೆಗೊಬ್ಬರು ಅಲ್ಲ. ಆದರೆ ಇವರಲ್ಲಿ ಅನೇಕರಿಗೆ ತಮಗಿದೆ ಅಂತಲೇ ಗೊತ್ತಿರುವುದಿಲ್ಲ.

120 ಅನ್ನುವುದು ಹೆದರುವಂಥ ಸಂಖ್ಯೆ ಅಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹಿಡಿಸುವ ಸಂಖ್ಯೆ.

ನಿಮ್ಮೂರಲ್ಲಿ ಹಾಲಿನ ಡೇರಿ ಇದ್ದೇ ಇರುತ್ತದೆ. ಬೆಳಗ್ಗೆ ಸಂಜೆ ಊರಿನ ಅರ್ಧ ಜನ ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ. ಯಾರು ಇವತ್ತು ಹಾಲು ಹಾಕಲಿಲ್ಲ ಅಂತ ಕಾರ್ಯದರ್ಶಿಗೆ ಪುಸ್ತಕ ನೋಡಿದ ತಕ್ಷಣ ಗೊತ್ತಾಗುತ್ತದೆ. ಶುಗರ್‌ಗೂ ಅಂಥದ್ದೇ ಒಂದು ಪುಸ್ತಕ ಬೇಕು. ಪಿಯುಸಿ ಓದಿದ, ಊರಲ್ಲೇ ಇರುವ, ಮೃದು ಮಾತಿನ ಒಬ್ಬ ಹೆಣ್ಣುಮಗಳನ್ನು ಸ್ತ್ರೀಶಕ್ತಿ ಸಂಘದಿಂದ ಆರಿಸಿ. ತಿಂಗಳಿಗೆ 3000 ರೂಪಾಯಿ ಗೌರವಧನ ಕೊಡಿ. ಆಶಾ ಕಾರ್ಯಕರ್ತೆಯ ತಲೆ ಮೇಲೇ ಇದನ್ನೂ ಹೊರಿಸಬೇಡಿ. ಅವರಿಗೆ ಈಗಾಗಲೇ ಇರುವ ಕೆಲಸ ಸಾಕಷ್ಟಿದೆ, ಸಂಬಳವಿಲ್ಲದ ಕೆಲಸ ಇನ್ನೊಂದು ಸೇರಿದರೆ ಎರಡೂ ಕೆಡುತ್ತವೆ. ಆಶಾ ಮತ್ತು ಈ ಹುಡುಗಿ ಜೊತೆಯಾಗಿ ಹೋಗಲಿ.

ಪುಸ್ತಕದಲ್ಲಿ ಒಬ್ಬರಿಗೆ ಒಂದು ಪುಟ. ಹೆಸರು, ತೆಗೆದುಕೊಳ್ಳುವ ಮಾತ್ರೆ, ಈ ತಿಂಗಳ ಶುಗರ್, ಬಿಪಿ, ಪಾದ ನೋಡಿದ್ದೇವಾ, ಮಾತ್ರೆ ಇನ್ನೂ ಎಷ್ಟು ದಿನಕ್ಕಿದೆ. ಈ ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ಮಾತ್ರೆ ಮುಗಿಯುವ ಮುಂಚೆ ಒಬ್ಬರು ಬಂದು "ಅಕ್ಕ, ಇನ್ನು ಐದು ದಿನಕ್ಕೆ ಮಾತ್ರೆ ಇದೆ, ಗುರುವಾರ ಆಸ್ಪತ್ರೆಗೆ ಹೋಗೋಣ" ಅಂತ ಕೇಳಿದರೆ, ಅಷ್ಟೇ ಸಾಕು. ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ಅಗ್ಗದ, ಅತಿ ಉಪಯೋಗದ ಚಿಕಿತ್ಸೆ ಇದು.

ಮಾತ್ರೆ ಎಲ್ಲಿಂದ? ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಆಮ್ಲೋಡಿಪಿನ್ ಇವೆಲ್ಲ ಪಿಎಚ್‌ಸಿಯಲ್ಲಿ ಉಚಿತವಾಗಿ ಕೊಡುವ ಮಾತ್ರೆಗಳು. 30 ವರ್ಷ ದಾಟಿದ ಎಲ್ಲರನ್ನೂ ಶುಗರ್, ಬಿಪಿ ಮತ್ತು ಕೆಲವು ಕ್ಯಾನ್ಸರ್‌ಗಳಿಗೆ ತಪಾಸಣೆ ಮಾಡಬೇಕು ಅನ್ನುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ತಪಾಸಣೆ ತರುವ ಕೆಲಸ ಮಾಡುತ್ತಿದೆ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಅವರನ್ನು ಮೊದಲ ದಿನವೇ ಹೋಗಿ ಕಾಣಿ. ನೀವು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ, ಇರುವುದರ ಜೊತೆ ಗಂಟು ಹಾಕಬೇಕು.

ಇಲ್ಲೊಂದು ಒಳಗಿನ ವಿಷಯ ಹೇಳುತ್ತೇನೆ, ಪಂಚಾಯಿತಿಯವರಿಗೆ ಇದು ಗೊತ್ತಿರಬೇಕು. ಆಸ್ಪತ್ರೆ ಮುಂದಿನ ವರ್ಷಕ್ಕೆ ಮಾತ್ರೆಗೆ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕುವಾಗ ಸಾಮಾನ್ಯವಾಗಿ ಹೋದ ವರ್ಷ ಎಷ್ಟು ಖರ್ಚಾಯ್ತು ಅಂತ ನೋಡುತ್ತಾರೆ. ಹೋದ ವರ್ಷ ಎರಡು ತಿಂಗಳು ಮಾತ್ರೆ ಇರಲಿಲ್ಲ ಅಂದರೆ ಖರ್ಚು ಕಮ್ಮಿ ಅಂತ ಕಾಣುತ್ತದೆ. ಮುಂದಿನ ವರ್ಷ ಕಮ್ಮಿ ಬರುತ್ತದೆ. ಕಮ್ಮಿ ಬಂದರೆ ಜನ ಬರೋದು ಬಿಡುತ್ತಾರೆ, ಖರ್ಚು ಇನ್ನೂ ಕಮ್ಮಿ. ಈ ಸುಳಿಯಿಂದ ಹೊರಗೆ ಬರಲು ಒಂದೇ ದಾರಿ, ತಲೆ ಲೆಕ್ಕ. "ನಮ್ಮೂರಲ್ಲಿ ಹೆಸರು ಹಿಡಿದು 120 ಜನ ಇದ್ದಾರೆ, ದಿನಕ್ಕೆ ಇಷ್ಟು ಮಾತ್ರೆ ಬೇಕು" ಅಂತ ನಿಮ್ಮ ಪುಸ್ತಕದಿಂದ ಬರೆದು ವೈದ್ಯಾಧಿಕಾರಿಗೆ ಕೊಡಿ. ಅವರಿಗೂ ಮೇಲೆ ಕೇಳಲು ಒಂದು ಆಧಾರ ಸಿಗುತ್ತದೆ. ಒಂದು ತಿಂಗಳದ್ದು ಒಟ್ಟಿಗೆ ಕೊಡಿ ಅಂತಲೂ ಕೇಳಿ. ವಾರಕ್ಕೊಂದು ಸಲ ಬಸ್ ಹತ್ತಿ ಕೂಲಿ ಬಿಟ್ಟು ಬರಬೇಕು ಅಂದರೆ ಯಾರು ತಾನೇ ಬರುತ್ತಾರೆ?

ಖರ್ಚಿನ ಅಂದಾಜು ಹೀಗಾಗುತ್ತದೆ. ಆ ಹುಡುಗಿಯ ಗೌರವಧನ ವರ್ಷಕ್ಕೆ 36,000. ಬೆರಳು ಚುಚ್ಚಿ ಶುಗರ್ ನೋಡುವ ಸ್ಟ್ರಿಪ್ ಒಂದಕ್ಕೆ 15 ರೂಪಾಯಿ ಅಂತ ಹಿಡಿದರೆ 120 ಜನರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 21,600. ಬಿಪಿ ನೋಡುವ ಮಷಿನ್ ಎರಡು, ತೂಕದ ಮಷಿನ್, ಗ್ಲೂಕೋಮೀಟರ್, ಟೇಪು ಸೇರಿ 8000. ಪಾದದ ಸ್ಪರ್ಶ ಹೋದವರಿಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಮೂವತ್ತು ಜೊತೆ, ಜೊತೆಗೆ 600ರಂತೆ 18,000. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಗೆ ಎಲ್ಲರನ್ನೂ ಸರದಿ ಮೇಲೆ ಕರೆದೊಯ್ಯಲು ವ್ಯಾನು, ನಾಲ್ಕು ಟ್ರಿಪ್, 12,000. ಒಟ್ಟು 95,600. ಉಳಿದ ಚಿಲ್ಲರೆಯಲ್ಲಿ ಆಸ್ಪತ್ರೆಗೆ ಮಾತ್ರೆ ಬರುವುದು ತಡವಾದ ವಾರ ತೀರಾ ಬಡವರಿಗೆ ಡಾಕ್ಟರ್ ಚೀಟಿ ತೋರಿಸಿ ಜನೌಷಧಿ ಅಂಗಡಿಯಿಂದ ತಂದುಕೊಡಿ. ಅಂದರೆ ಎರಡು ಲಕ್ಷ ಎರಡು ವರ್ಷ ನಡೆಯುತ್ತದೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಆಚೀಚೆ ಆಗಬಹುದು. ನಿಮ್ಮ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇರುತ್ತದೆ, ಅದನ್ನೂ ವಿಚಾರಿಸಿ.

ಬೆರಳು ಚುಚ್ಚಿ ನೋಡುವಾಗ ಒಂದು ಎಚ್ಚರ. ಮಂಡ್ಯದವರಿಗೆ ಇದನ್ನು ಹೇಳಲೇಬೇಕು. ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ 380 ಬಂತು. ಪಾಪ, ಮುಖ ಬಿಳಿಚಿಕೊಂಡಿತು. ಕೈ ನೋಡಿದೆ, ಉಗುರಿನ ಸಂದಿಯಲ್ಲಿ ಬೆಲ್ಲದ ಪಾಕ ಅಂಟಿತ್ತು. ಸೋಪು ಹಾಕಿ ಕೈ ತೊಳೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಬೇರೆ ಬೆರಳು ಚುಚ್ಚಿದರೆ 142. ಕೈ ತೊಳೆಸದೆ ಯಾರ ಬೆರಳನ್ನೂ ಚುಚ್ಚಬೇಡಿ. ಒಬ್ಬರಿಗೆ ಒಂದು ಸೂಜಿ, ಮತ್ತೊಬ್ಬರಿಗೆ ಅದನ್ನು ಮುಟ್ಟಿಸಲೂ ಬಾರದು. ಬಳಸಿದ ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಕೊಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಮುಚ್ಚಿ, ಗಾಳಿಯ ತೇವಕ್ಕೆ ಸ್ಟ್ರಿಪ್ ಹಾಳಾಗುತ್ತದೆ. ಗ್ಲೂಕೋಮೀಟರಿನ ಒಂದು ಸಂಖ್ಯೆ ನೋಡಿ ಯಾರಿಗೂ "ನಿನಗೆ ಶುಗರ್ ಇದೆ" ಅಂತ ಹೇಳಿಬಿಡಬೇಡಿ. ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200 ಅಥವಾ ಹೆಚ್ಚು ಬಂದು, ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಸಲ ನೋಡಿ ಖಾತ್ರಿಯಾದ ಮೇಲೆ ಡಾಕ್ಟರ್ ಹೇಳುತ್ತಾರೆ.

ಪಾದದ ಪರೀಕ್ಷೆಗೆ ಯಾವ ಮಷಿನ್ನೂ ಬೇಡ. ಕೂತವರ ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ಕುಕ್ಕಬಾರದು, ಸವರಬಾರದು. ಸುಮ್ನೆ ಮುಟ್ಟಬೇಕು. ಮುಟ್ಟಿದಾಗ "ಹೂಂ" ಅನ್ನಲಿ. ಎರಡು ಪಾದ ಸೇರಿ ಆರು ಸಲ. ಎರಡು ಅಥವಾ ಜಾಸ್ತಿ ಸಲ ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ ಅಂತ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಿರಿ. ಇದನ್ನು ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಪರೀಕ್ಷಿಸಿ ನೋಡಿ ಒಪ್ಪಿದ್ದಾರೆ, ಹಲವು ಕಡೆ ಬಳಸುತ್ತಾರೆ. ಹೈಸ್ಕೂಲು ಮಕ್ಕಳಿಗೆ ಕಲಿಸಿದರೆ ಅವರೇ ಮನೆಯ ಅಜ್ಜಿ ತಾತನ ಪಾದ ನೋಡುತ್ತಾರೆ. ನಾನು ಕಲಿಸಿ ನೋಡಿದ್ದೇನೆ, ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಕೆಂಪು ಗೆರೆ ಬಿದ್ದವರಿಗೆ ದಿನಾ ರಾತ್ರಿ ಮಲಗುವ ಮುಂಚೆ ಪಾದದ ಅಡಿ ನೋಡಿಕೊಳ್ಳಲು ಹೇಳಿ, ಬಗ್ಗಲು ಆಗದಿದ್ದರೆ ಸೊಸೆಯೋ ಮೊಮ್ಮಗನೋ ನೋಡಲಿ. ಬಿಸಿನೀರಲ್ಲಿ ಕಾಲು ಇಡುವ ಮುಂಚೆ ಮೊಣಕೈ ಅದ್ದಿ ನೋಡಬೇಕು. ಗದ್ದೆ ಕೆಲಸ ಮುಗಿಸಿ ಬಂದ ಮೇಲೆ ಬೆರಳ ಸಂದಿ ಒರೆಸಿಕೊಳ್ಳಬೇಕು. ಆಣಿಯನ್ನು ಬ್ಲೇಡಿನಿಂದ ಕುಯ್ದುಕೊಳ್ಳಬಾರದು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುವವರು ನಮ್ಮ ಕಡೆ ಬಹಳ. ಪ್ರತಿ ವರ್ಷ ಆ ಹಬ್ಬ ಮುಗಿದ ವಾರ ಬೊಬ್ಬೆ ಎದ್ದ ಪಾದಗಳು ಆಸ್ಪತ್ರೆಗೆ ಬರುತ್ತವೆ, ಡಾಂಬರು ರಸ್ತೆ ಸುಟ್ಟಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ. ಹೋಗಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹರಕೆ ಅವರದು. ಚಪ್ಪಲಿ ಹಾಕಿಕೊಂಡು ನಡೆಯಿರಿ, ದೇವಸ್ಥಾನದ ಬಾಗಿಲಲ್ಲಿ ಬಿಡಿ, ಮಾದಪ್ಪ ಬೇಡ ಅನ್ನುವುದಿಲ್ಲ ಅಂತ ಹೇಳುತ್ತೇನೆ. ಬಹಳ ಜನ ಕೇಳುತ್ತಾರೆ.

ಇನ್ನು ಬಿಪಿ. ಶುಗರ್ ಇರುವವರ ಬಿಪಿ ನೋಡದೆ ಬಿಡುವುದು ನಾವು ಮಾಡುವ ದೊಡ್ಡ ತಪ್ಪು. 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಮಧುಮೇಹ ಇರುವವರ ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿ ಇಟ್ಟಾಗ ಲಕ್ವ ನೂರಕ್ಕೆ 44ರಷ್ಟು, ಮಧುಮೇಹದಿಂದಾಗುವ ಸಾವು ನೂರಕ್ಕೆ 32ರಷ್ಟು ಕಮ್ಮಿಯಾಯಿತು. ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆಯಿಂದ ಇಷ್ಟು ಸಿಗುವಾಗ ಬಿಡುವುದು ಯಾಕೆ? ಕಣ್ಣಿನದೂ ಹಾಗೇ. ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಹಿಂಭಾಗ ತೋರಿಸಬೇಕು. ಮಂಜಾದ ಮೇಲೆ ಹೋದರೆ ತಡವಾಗಿರುತ್ತದೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಶುಗರ್ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು.

ಊರಲ್ಲಿ ಮಕ್ಕಳಿಗೆ ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅದು ಸಾಮಾನ್ಯವಾಗಿ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಕಾಯಿಲೆ, ಅದರ ದಾರಿಯೇ ಬೇರೆ. ಆ ಮಗುವಿಗೆ ಇನ್ಸುಲಿನ್ ಅಂದರೆ ಊಟ ನೀರು ಇದ್ದ ಹಾಗೆ. ನಾಟಿ ಔಷಧಿ ಕೊಡಿಸುತ್ತೇವೆ ಅಂತ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಬರುತ್ತದೆ. ಮಗು ಇದ್ದಕ್ಕಿದ್ದ ಹಾಗೆ ಸಣ್ಣಗಾದರೆ, ಪದೇ ಪದೇ ನೀರು ಕುಡಿದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ವಾಂತಿ ಮಾಡಿ ಏದುಸಿರು ಬಿಟ್ಟರೆ ಅದೇ ಗಳಿಗೆಯಲ್ಲಿ ಶುಗರ್ ನೋಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಇಡಲು ಕುಂಬಾರರ ಮಡಕೆ ಸಾಕು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ನೀರು ತಾಗದ ಡಬ್ಬಿಯಲ್ಲಿ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ, ಗಾಳಿಯಾಡುವ ನೆರಳಿನ ಜಾಗ. ಬಳಸುತ್ತಿರುವ ಬಾಟಲಿ ಹೀಗೆ ಸುಮಾರು ನಾಲ್ಕು ವಾರ ಇರುತ್ತದೆ. ಹೊಸ ಬಾಟಲಿಗಳನ್ನು ಮಾತ್ರ ಯಾರದಾದರೂ ಫ್ರಿಜ್‌ನಲ್ಲಿ ಇಡಿ, ಫ್ರೀಜರ್‌ನಲ್ಲಿ ಅಲ್ಲ. ನಮಗಿಂತ ಬಡ ದೇಶವಾದ ರುವಾಂಡಾದಲ್ಲಿ ಜಿಲ್ಲಾ ಆಸ್ಪತ್ರೆಯ ನರ್ಸ್‌ಗಳೇ ತರಬೇತಿ ಪಡೆದು ಇಂಥ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಆ ಮಾದರಿಯನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಿಭಾಗದ ದೇಶಗಳು ಒಪ್ಪಿಕೊಂಡವು. ಎಲ್ಲಕ್ಕೂ ದೊಡ್ಡ ಡಾಕ್ಟರೇ ಬೇಕು ಅಂತ ಕಾಯುತ್ತಾ ಕೂರಬೇಕಿಲ್ಲ.

ಬಾರದ ಹಾಗೆ ತಡೆಯಬಹುದಾ ಅಂತ ಕೇಳಿದ್ದೀರಿ. ಬಹಳ ಮಟ್ಟಿಗೆ ತಡೆಯಬಹುದು. ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಕೊಟ್ಟಿತು. ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ಸರಿಮಾಡಿಸಿ, ದಿನಾ ನಡೆಸಿ, ಪದೇ ಪದೇ ಮಾತಾಡಿಸಿದವರಲ್ಲಿ 39 ಜನರಿಗೆ. ಅಂದರೆ ಆರೇಳು ಜನರಿಗೆ ಬಿಡದೆ ಬುದ್ಧಿ ಹೇಳಿದರೆ ಒಬ್ಬರು ಮೂರು ವರ್ಷ ಪಾರಾಗುತ್ತಾರೆ. ಇಲ್ಲೂ ಕೆಲಸ ಮಾಡಿದ್ದು ಆ "ಪದೇ ಪದೇ"ನೇ. ಒಂದು ದಿನದ ಭಾಷಣ ಅಲ್ಲ.

ಹೊಸ್ತಿಲಲ್ಲಿ ಯಾರಿದ್ದಾರೆ ಅಂತ ಗುರುತಿಸಲು ಒಂದು ಹಗ್ಗ ತಗೊಳ್ಳಿ. ಅಂಗಾಲಿನಿಂದ ನೆತ್ತಿವರೆಗೆ ಅಳೆದು ಕತ್ತರಿಸಿ. ಅರ್ಧಕ್ಕೆ ಮಡಚಿ ಹೊಕ್ಕುಳ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿ. ಎರಡು ತುದಿ ಮುಟ್ಟದಿದ್ದರೆ ಹೊಟ್ಟೆ ಹೆಚ್ಚಾಗಿದೆ ಅಂತ ಅರ್ಥ. ಅಪ್ಪ ಅಮ್ಮನಿಗೆ ಶುಗರ್ ಇದ್ದು, ಹಗ್ಗವೂ ಮುಟ್ಟದವರನ್ನು ಮೊದಲು ಪರೀಕ್ಷೆಗೆ ಕಳಿಸಿ. ಸಂಘದ ಸಭೆಯಲ್ಲಿ ಇದನ್ನು ಮಾಡಿಸಿದರೆ ಹೆಂಗಸರು ನಗುನಗುತ್ತಾ ಒಬ್ಬರನ್ನೊಬ್ಬರು ಅಳೆಯುತ್ತಾರೆ, ಮನೆಗೆ ಹೋಗಿ ಗಂಡನಿಗೂ ಸುತ್ತುತ್ತಾರೆ.

ಊಟದ ಮಾತು ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ನಮ್ಮ ಕಡೆ ತಪ್ಪು ತಿಳಿವಳಿಕೆ ಜಾಸ್ತಿ. "ನಾವು ಮುದ್ದೆ ತಿನ್ನೋರು, ನಮಗೆ ಹೇಗೆ ಶುಗರ್ ಬಂತು?" ಅಂತ ಕೇಳದವರಿಲ್ಲ. ರಾಗಿ ನಮ್ಮ ಹೆಮ್ಮೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಡದೆ ಹೋಗಿದ್ದರೆ ಎಷ್ಟು ಮನೆಯಲ್ಲಿ ಹೊಟ್ಟೆ ತುಂಬುತ್ತಿತ್ತೋ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶ ಇದೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ಎಪ್ಪತ್ತು ಗ್ರಾಂ ಪಿಷ್ಟವೇ, ಅಕ್ಕಿಗಿಂತ ಸ್ವಲ್ಪ ಕಮ್ಮಿ ಅಷ್ಟೆ. ನುಣ್ಣಗೆ ಬೀಸಿ ಗಂಜಿ ಕಾಯಿಸಿ ಕುಡಿದರೆ ಶುಗರ್ ಸರ್ರನೆ ಏರುತ್ತದೆ. 2025ರಲ್ಲಿ ಬಂದ ಐಸಿಎಂಆರ್ ಅಧ್ಯಯನವೂ ಇದನ್ನೇ ಹೇಳಿತು. ನಾವು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಸಕ್ಕರೆಯಿಂದಲೇ ಬರುತ್ತದೆ. ಅಕ್ಕಿ ಬಿಟ್ಟು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಅಷ್ಟೇ ಅಳತೆಯಲ್ಲಿ ತಿಂದರೆ ಲಾಭ ಕಾಣಲಿಲ್ಲ. ಪಿಷ್ಟವನ್ನೇ ಸ್ವಲ್ಪ ಕಮ್ಮಿ ಮಾಡಿ ಆ ಜಾಗಕ್ಕೆ ಕಾಳು, ಬೇಳೆ, ಹಾಲು ಮೊಸರು ತಂದಾಗ ಲಾಭ ಕಂಡಿತು.

ನಮ್ಮ ಮನೆಗಳಲ್ಲಿ ತಪ್ಪಾಗುವುದು ಮುದ್ದೆಯಿಂದಲ್ಲ, ಮುದ್ದೆಯ ಮೇಲೆ ಬೀಳುವ ಅನ್ನದಿಂದ. ದೊಡ್ಡ ಮುದ್ದೆ ನುಂಗಿ, ಸಾರು ಉಳಿಯಿತು ಅಂತ ಎರಡು ಸೌಟು ಅನ್ನ. ಮುದ್ದೆ ಇಲ್ಲವೇ ಅನ್ನ, ಒಂದೇ ಇರಲಿ. ಮುದ್ದೆ ನಿಮ್ಮ ಮುಷ್ಟಿಯಷ್ಟಿರಲಿ. ಬಸ್ಸಾರಿನ ಪಲ್ಯ, ಹುರುಳಿಕಾಳು, ಅವರೆಕಾಳು, ಮಸ್ಸೊಪ್ಪು ತಟ್ಟೆಯಲ್ಲಿ ಮುದ್ದೆಗಿಂತ ದೊಡ್ಡ ಗುಡ್ಡೆ ಆಗಲಿ, ಅದನ್ನು ಮೊದಲು ತಿನ್ನಿ. ಹೊಸ ತಿಂಡಿ ಯಾವುದೂ ಬೇಡ, ನಮ್ಮ ಅಜ್ಜಿಯರ ಅಡುಗೆಯಲ್ಲೇ ಎಲ್ಲಾ ಇದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಪರವಾಗಿಲ್ಲ ಅನ್ನುವುದು ಸುಳ್ಳು. ಎರಡೂ ಕಬ್ಬಿನ ಹಾಲೇ ಅಲ್ವಾ? ಕಬ್ಬು ಬೆಳೆದು ಬೆಲ್ಲ ಕಾಯಿಸಿ ಬದುಕುವ ಜನಕ್ಕೆ ಇದನ್ನು ಹೇಳುವಾಗ ನನಗೂ ಕಷ್ಟವಾಗುತ್ತದೆ. ಆದರೂ ಹೇಳಬೇಕು. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ ನಲವತ್ತೈವತ್ತು ಗ್ರಾಂ ಸಕ್ಕರೆ ಟೀಯಿಂದಲೇ ಒಳಗೆ ಹೋಯಿತು.

ತಡೆಯುವ ಕೆಲಸದಲ್ಲಿ ಎಲ್ಲರೂ ಮರೆಯುವವರು ಬಸುರಿಯರು. ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಜನ ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಮಕ್ಕಳನ್ನು, ಅಷ್ಟೊತ್ತಿಗೆ ನಡುವಯಸ್ಸಿಗೆ ಬಂದಿದ್ದವರನ್ನು, ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗಲೇ ಗಿಡ್ಡಗೆ, ಉದ್ದಕ್ಕೆ ತಕ್ಕುದಕ್ಕಿಂತ ದಪ್ಪಗೆ ಇದ್ದವರಲ್ಲಿ, ದಪ್ಪ ಇದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ ನೂರಕ್ಕೆ ಆರು ಜನರಲ್ಲಿ ಬಸಿರಿನ ಮಧುಮೇಹ ಸಿಕ್ಕಿತು. ಅವರ ಮಕ್ಕಳು ಒಂಬತ್ತು ಹತ್ತು ವರ್ಷಕ್ಕೇ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬು, ಇನ್ಸುಲಿನ್‌ಗೆ ಬಗ್ಗದ ಮೈ ಹೊತ್ತಿದ್ದರು. ಕಾಯಿಲೆಯ ಬೀಜ ಹೊಟ್ಟೆಯಲ್ಲೇ ಬೀಳುತ್ತದೆ ಅನ್ನುವುದಕ್ಕೆ ನಮ್ಮ ಊರಿನ ಹೆರಿಗೆ ಪುಸ್ತಕವೇ ಸಾಕ್ಷಿ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಬಸುರಿಯರಿಗೆ ಕೆಲವು ಪುಟ ಬಿಡಿ. ಮೊದಲ ಸಲ ತಪಾಸಣೆಗೆ ಹೋದಾಗ ಒಮ್ಮೆ, 24ರಿಂದ 28 ವಾರದ ಒಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಬೇಕು. ಖಾಲಿ ಹೊಟ್ಟೆ ಬೇಕಿಲ್ಲ. ಎರಡು ಗಂಟೆಗೆ 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಹೆರಿಗೆ ಆದ ಮೇಲೆ ಶುಗರ್ ತಾನಾಗಿ ಇಳಿಯುತ್ತದೆ, ಮನೆಯವರು "ಹೋಯ್ತು" ಅಂತ ಸುಮ್ಮನಾಗುತ್ತಾರೆ, ಬಾಣಂತನಕ್ಕೆ ತುಪ್ಪ ಬೆಲ್ಲದ ಉಂಡೆ ಶುರುವಾಗುತ್ತದೆ. ಆ ತಾಯಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಬೇರೆಯವರಿಗಿಂತ ಏಳು ಪಟ್ಟೋ ಅದಕ್ಕೂ ಜಾಸ್ತಿಯೋ ಇರುತ್ತದೆ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಬರುವ ದಿನವೇ ತಾಯಿಯ ಶುಗರ್ ನೋಡಿಬಿಡಿ. ಆಮೇಲೆ ವರ್ಷಕ್ಕೊಂದು ಸಲ, ಮಗುವಿನ ಹುಟ್ಟುಹಬ್ಬದ ತಿಂಗಳಲ್ಲಿ. ಮರೆಯುವುದಿಲ್ಲ.

ಶುರು ಮಾಡುವಾಗ 120 ಜನರನ್ನೂ ಒಂದೇ ದಿನ ಸೇರಿಸಲು ಹೋಗಬೇಡಿ. ಈಗಾಗಲೇ ಶುಗರ್ ಇದೆ ಅಂತ ಗೊತ್ತಿರುವ, ಮಾತ್ರೆ ಬಿಟ್ಟಿರುವ ಇಪ್ಪತ್ತು ಜನರ ಹೆಸರು ಮೊದಲು ಬರೆಯಿರಿ. ಅವರ ಪಾದ ಮುಟ್ಟಿ ನೋಡಿ, ಬಿಪಿ ನೋಡಿ, ಒಟ್ಟಿಗೆ ಪಿಎಚ್‌ಸಿಗೆ ಕರೆದುಕೊಂಡು ಹೋಗಿ. ಕಾಲು ಕಳೆದುಕೊಂಡ ಆ ಇಬ್ಬರ ಮನೆಗೂ ಹೋಗಿ. ಉಳಿದ ಕಾಲನ್ನು ದಿನಾ ನೋಡಿಕೊಳ್ಳುತ್ತಿದ್ದಾರಾ ಅಂತ ಕೇಳಿ, ಯಾಕೆಂದರೆ ಇನ್ನೊಂದು ಕಾಲಿಗೂ ಅದೇ ಅಪಾಯ ಇದೆ. ಆ ಇಬ್ಬರಿಗೆ ಇಷ್ಟ ಇದ್ದರೆ ಪಾದದ ವಿಷಯ ಊರಿಗೆ ಹೇಳಲು ಅವರಿಗಿಂತ ಸರಿಯಾದವರು ಬೇರೆ ಸಿಗುವುದಿಲ್ಲ.

ಪುಸ್ತಕದ ಮೊದಲ ಪುಟದಲ್ಲಿ ಅತ್ತೆಯವರ ಹೆಸರು ಬರೆಯಿರಿ. ಡಾಕ್ಟರ್ ಗಾಯ ನೋಡಿ ಏನು ಹೇಳಿದರು ಅಂತ ನನಗೂ ತಿಳಿಸಿ.